ಮಿನುಗುವ ಕಾರ್ಟೂನ್ ಬೋರ್ಡ್ 'ಬಾಂಬ್' ಆದ ದಿನ: ಜಾಹೀರಾತಿನ ಗಿಮಿಕ್ ಒಂದು ಊರನ್ನೇ ಹೆದರಿಸುವುದು ಹೇಗೆ?

ನಿಮ್ಮ ವಾಟ್ಸಾಪ್‌ಗೆ ಹೀಗೊಂದು ಮೆಸೇಜ್ ಬಂತು ಅಂದುಕೊಳ್ಳಿ:

"ಸ್ಟೇಷನ್ ಹತ್ತಿರ ಫ್ಲೈಓವರ್ ಕೆಳಗೆ ವೈರ್, ಬ್ಯಾಟರಿ ಇರುವ ವಸ್ತು ಸಿಕ್ಕಿದೆ. ಬಾಂಬ್ ಸ್ಕ್ವಾಡ್ ಬಂದು ಅದನ್ನು ಉಡಾಯಿಸಿದೆ. ಇಂಥದ್ದೇ ವಸ್ತುಗಳು ಊರಿನ ಹಲವು ಕಡೆ ಸಿಕ್ಕಿವೆ. ರಸ್ತೆ ಬಂದ್, ರೈಲು ಬಂದ್. ನಿಮ್ಮವರಿಗೆಲ್ಲ ತಿಳಿಸಿ."

ಇದು ಸುಳ್ಳು ಸುದ್ದಿಯೇ? 2007ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈ ಮೆಸೇಜ್ ಯಾರಾದರೂ ಕಳಿಸಿದ್ದರೆ ಅದರ ಒಂದೊಂದು ವಾಕ್ಯವೂ ನಿಜವಾಗಿರುತ್ತಿತ್ತು. ಆದರೆ ಓದಿದವರ ಮನಸ್ಸಿನಲ್ಲಿ ಮೂಡುವ ತೀರ್ಮಾನ ಮಾತ್ರ ಪೂರ್ತಿ ತಪ್ಪಾಗಿರುತ್ತಿತ್ತು. ಯಾಕೆಂದರೆ ಆ ವಸ್ತುಗಳು ಬಾಂಬ್ ಅಲ್ಲ, ಒಂದು ಕಾರ್ಟೂನಿನ ಜಾಹೀರಾತು!

ಬರೀ ನಿಜವಾದ ತುಣುಕುಗಳನ್ನೇ ಜೋಡಿಸಿದರೂ ಸುಳ್ಳು ಭಯ ಹುಟ್ಟಬಹುದು. ಫಾರ್ವರ್ಡ್ ಮಾಡುವ ಅಭ್ಯಾಸ ಇರುವ ನಮಗೆಲ್ಲ ಈ ಘಟನೆ ಗೊತ್ತಿರಲೇಬೇಕು.

ಅಂದು ಬಾಸ್ಟನ್‌ನಲ್ಲಿ ಆಗಿದ್ದೇನು?

2007ರ ಜನವರಿ 31, ಬುಧವಾರ. ಬೆಳಗ್ಗೆ ಸುಮಾರು 8 ಗಂಟೆ. ಬಾಸ್ಟನ್‌ನ ಸಲಿವನ್ ಸ್ಟೇಷನ್ ಹತ್ತಿರ, ಮೇಲೆ ಹಾದುಹೋಗುವ ಹೆದ್ದಾರಿಯ ಉಕ್ಕಿನ ಆಧಾರಕ್ಕೆ ಏನೋ ಅಂಟಿಕೊಂಡಿರುವುದು ಪ್ರಯಾಣಿಕರೊಬ್ಬರ ಕಣ್ಣಿಗೆ ಬಿತ್ತು. ಅವರು ಅಲ್ಲೇ ಇದ್ದ ಸಾರಿಗೆ ಪೊಲೀಸರಿಗೆ ತಿಳಿಸಿದರು. ಪೊಲೀಸರು ನೋಡಿದಾಗ ಕಂಡಿದ್ದು ಸರ್ಕ್ಯೂಟ್ ಬೋರ್ಡ್, ವೈರುಗಳು, ಕಪ್ಪು ಟೇಪ್ ಸುತ್ತಿದ ದಪ್ಪ ಬ್ಯಾಟರಿಗಳು.

ಬಾಂಬ್ ಸ್ಕ್ವಾಡ್ ಬಂತು. ಹೆದ್ದಾರಿಯಲ್ಲಿ ವಾಹನ ನಿಲ್ಲಿಸಲಾಯಿತು. ಬೆಳಗ್ಗೆ 10ರ ಹೊತ್ತಿಗೆ ಆ ವಸ್ತುವನ್ನು ನಾಶ ಮಾಡಿದರು. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೇರೆ ಬೇರೆ ಕಡೆಗಳಿಂದ ಫೋನ್ ಬರತೊಡಗಿತು. ಅಲ್ಲೂ ಇದೆ, ಇಲ್ಲೂ ಇದೆ! ಸೇತುವೆಗಳು ಬಂದ್. ರೈಲು ಮಾರ್ಗದ ಒಂದು ಭಾಗ ಬಂದ್. ಚಾರ್ಲ್ಸ್ ನದಿಯಲ್ಲಿ ದೋಣಿ ಸಂಚಾರವೂ ಬಂದ್.

ಮಧ್ಯಾಹ್ನ ಎರಡು-ಮೂರು ಗಂಟೆಯ ನಡುವೆ ಪೊಲೀಸ್ ಇಲಾಖೆಯವರೇ ಒಬ್ಬರು ಆ ಬೋರ್ಡಿನ ಚಿತ್ರವನ್ನು ಗುರುತು ಹಿಡಿದರು. ಎಲ್‌ಇಡಿ ದೀಪಗಳಲ್ಲಿ ಮೂಡಿಸಿದ್ದ, ಮಧ್ಯದ ಬೆರಳು ಎತ್ತಿ ತೋರಿಸುವ ಆ ಚೌಕಾಕಾರದ ಗೊಂಬೆ ದೊಡ್ಡವರಿಗಾಗಿ ಮಾಡಿದ 'ಅಕ್ವಾ ಟೀನ್ ಹಂಗರ್ ಫೋರ್ಸ್' ಎಂಬ ಕಾರ್ಟೂನ್ ಸರಣಿಯ ಪಾತ್ರ. ಆ ಸರಣಿಯ ಸಿನಿಮಾ ಕೆಲವೇ ತಿಂಗಳಲ್ಲಿ ಬರುವುದಿತ್ತು. ಪ್ರಚಾರಕ್ಕಾಗಿ ಟರ್ನರ್ ಬ್ರಾಡ್‌ಕಾಸ್ಟಿಂಗ್ ಕಂಪನಿ 'ಇಂಟರ್‌ಫೆರೆನ್ಸ್' ಎಂಬ ಜಾಹೀರಾತು ಸಂಸ್ಥೆಗೆ ಕೆಲಸ ಕೊಟ್ಟಿತ್ತು. ಆ ಸಂಸ್ಥೆ ಅಮೆರಿಕದ ಹತ್ತು ನಗರಗಳಲ್ಲಿ ಇಂಥ ಬೋರ್ಡುಗಳನ್ನು ಅಂಟಿಸಿತ್ತು. ಬಾಸ್ಟನ್ ಒಂದರಲ್ಲೇ ಸುಮಾರು 40.

ಯಾವ ನಗರದ ಪೊಲೀಸರಿಗೂ ಮೊದಲೇ ಒಂದು ಮಾತು ಹೇಳಿರಲಿಲ್ಲ. ಕಂಪನಿ "ಇದು ನಮ್ಮದೇ" ಎಂದು ಬಹಿರಂಗವಾಗಿ ಒಪ್ಪಿಕೊಂಡಾಗ ಸಂಜೆಯಾಗುತ್ತಾ ಬಂದಿತ್ತು.

ಗೆರಿಲ್ಲಾ ಮಾರ್ಕೆಟಿಂಗ್ ಅಂದರೇನು?

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೂ ಗೊರಿಲ್ಲಾ ಕೋತಿಗೂ ಸಂಬಂಧ ಇಲ್ಲ. ಶಾಲೆಯ ಇತಿಹಾಸದ ಪಾಠದಲ್ಲಿ ಓದಿದ ಗೆರಿಲ್ಲಾ ಯುದ್ಧ ನೆನಪಿದೆಯಲ್ಲ? ದೊಡ್ಡ ಸೈನ್ಯ ಇಲ್ಲದವರು ಅಡಗಿ ಕೂತು, ಅನಿರೀಕ್ಷಿತವಾಗಿ ಎರಗುವ ತಂತ್ರ. ಸ್ಪ್ಯಾನಿಷ್ ಭಾಷೆಯಲ್ಲಿ ಗೆರಿಲ್ಲಾ ಅಂದರೆ ಸಣ್ಣ ಯುದ್ಧ. 1984ರಲ್ಲಿ ಅಮೆರಿಕದ ಜೇ ಕಾನ್ರಾಡ್ ಲೆವಿನ್‌ಸನ್ ಇದೇ ಹೆಸರಿನಲ್ಲಿ ಮಾರ್ಕೆಟಿಂಗ್ ಬಗ್ಗೆ ಪುಸ್ತಕ ಬರೆದರು. ಟಿವಿ ಜಾಹೀರಾತಿಗೆ ದುಡ್ಡಿಲ್ಲದ ಸಣ್ಣ ವ್ಯಾಪಾರಿಗಳು ಕಡಿಮೆ ಖರ್ಚಿನಲ್ಲಿ, ಜಾಣತನದಿಂದ ಜನರ ಗಮನ ಸೆಳೆಯುವುದು ಹೇಗೆ ಎಂಬುದು ಅದರ ವಿಷಯ.

ಇದರಲ್ಲಿ ತಪ್ಪೇನಿಲ್ಲ. ಫುಟ್‌ಪಾತ್ ಮೇಲೆ ಚಿತ್ರ ಬರೆಸುವುದು, ಮಾಲ್‌ನಲ್ಲಿ ಹತ್ತು ಜನ ದಿಢೀರ್ ಅಂತ ಕುಣಿಯುವುದು, ಬಸ್ ಸ್ಟಾಪನ್ನೇ ಸೋಫಾದಂತೆ ಅಲಂಕರಿಸುವುದು, ಇವೆಲ್ಲ ಇದೇ ಜಾತಿಗೆ ಸೇರಿದವು. ನೋಡಿದವರು ನಗುತ್ತಾರೆ, ಫೋಟೋ ತೆಗೆದು ಹಂಚುತ್ತಾರೆ. ಕಂಪನಿಗೆ ಪುಕ್ಕಟೆ ಪ್ರಚಾರ.

ಆದರೆ ಈ ತಂತ್ರದ ಜೀವಾಳವೇ ಅಚ್ಚರಿ. "ಇದು ಜಾಹೀರಾತು" ಅಂತ ಬೋರ್ಡ್ ಹಾಕಿದರೆ ಮಜಾ ಹೋಯಿತು. ಹಾಗಾಗಿ ಯಾರು ಇಟ್ಟರು, ಯಾಕೆ ಇಟ್ಟರು ಎಂಬುದನ್ನು ಬೇಕೆಂದೇ ಮುಚ್ಚಿಡುತ್ತಾರೆ. ಬಸ್ ಸ್ಟಾಂಡ್, ರೈಲ್ವೆ ಸ್ಟೇಷನ್‌ನಲ್ಲಿ "ವಾರಸುದಾರರಿಲ್ಲದ ವಸ್ತು ಕಂಡರೆ ತಿಳಿಸಿ" ಅಂತ ದಿನವಿಡೀ ಕೂಗುವುದೂ ಇಂಥ ವಸ್ತುಗಳ ಬಗ್ಗೆಯೇ. ತೊಂದರೆ ಹುಟ್ಟುವುದು ಇಲ್ಲಿ.

ಕಾರ್ಟೂನ್ ಬೋರ್ಡ್ ಬಾಂಬ್‌ನಂತೆ ಕಂಡಿದ್ದೇಕೆ?

ಇದಕ್ಕೆ ಮೂರು ಕಾರಣಗಳಿವೆ.

ಒಂದು, ಒಳಗೇನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸ್ಫೋಟಕ ಇರುವ ವಸ್ತುವಿಗೂ ಮಿನುಗುವ ಬೋರ್ಡಿಗೂ ಹೊರನೋಟಕ್ಕೆ ಹಲವು ಹೋಲಿಕೆಗಳಿರಬಹುದು. ಬ್ಯಾಟರಿ, ವೈರ್, ಟೇಪ್. ಆ ರಾಜ್ಯದ ಆಗಿನ ಅಟಾರ್ನಿ ಜನರಲ್ ಮಾರ್ಥಾ ಕೋಕ್ಲಿ ಕೂಡ ಹಿಂದೆ ಬ್ಯಾಟರಿ, ವೈರ್ ಇದ್ದದ್ದರಿಂದಲೇ ಅದು ಅನುಮಾನ ಹುಟ್ಟಿಸಿತು ಎಂದು ಹೇಳಿದ್ದರು. ಹಗಲಲ್ಲಿ, ಕೆಳಗಿನಿಂದ ನೋಡುವವರಿಗೆ ಗೊಂಬೆಯ ಚಿತ್ರಕ್ಕಿಂತ ಇವೇ ಎದ್ದು ಕಾಣುತ್ತವೆ.

ಎರಡು, ಜಾಗ. ಅದೇ ಬೋರ್ಡ್ ಒಂದು ಬಟ್ಟೆ ಅಂಗಡಿಯ ಗೋಡೆ ಮೇಲಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ಇದ್ದದ್ದು ರೈಲು ನಿಲ್ದಾಣದ ಪಕ್ಕ, ಹೆದ್ದಾರಿಯನ್ನು ಹೊತ್ತ ಉಕ್ಕಿನ ಮೇಲೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳಿಗೆ ಅಪ್ಪಳಿಸಿದ ಎರಡೂ ವಿಮಾನ ಹೊರಟಿದ್ದು ಬಾಸ್ಟನ್ನಿನ ವಿಮಾನ ನಿಲ್ದಾಣದಿಂದ. 2004ರಲ್ಲಿ ಮ್ಯಾಡ್ರಿಡ್, 2005ರಲ್ಲಿ ಲಂಡನ್, 2006ರಲ್ಲಿ ನಮ್ಮ ಮುಂಬೈ. ಎಲ್ಲ ಕಡೆ ರೈಲುಗಳಲ್ಲಿ ಬಾಂಬ್ ಸಿಡಿದಿತ್ತು. ಸ್ಟೇಷನ್ ಪಕ್ಕದ ವೈರ್ ನೋಡಿದ ಪೊಲೀಸರ ತಲೆಯಲ್ಲಿ ಇದೆಲ್ಲ ಇತ್ತು.

ಮೂರು, ನೋಡುವವರು ಯಾರು ಎಂಬುದು. ರಾತ್ರಿ ಹೊತ್ತು ಆ ಕಾರ್ಟೂನ್ ನೋಡುತ್ತಿದ್ದ ಹುಡುಗರು ಫೋಟೋ ಕಂಡ ಕೂಡಲೇ ಗುರುತು ಹಿಡಿದು ನಕ್ಕರು. ಆ ಕಾರ್ಟೂನಿನ ಹೆಸರೇ ಕೇಳದವರಿಗೆ ಕಂಡಿದ್ದು ಬರೀ ವೈರು. ಕಮ್ಯುನಿಕೇಷನ್ ಓದಿದವರಿಗೆ ಸ್ಟುವರ್ಟ್ ಹಾಲ್ ಹೆಸರು ಪರಿಚಿತ. ಹೇಳುವವರು ತುಂಬಿಸಿ ಕಳಿಸಿದ ಅರ್ಥವೇ ಕೇಳುವವರಿಗೆ ತಲುಪುತ್ತದೆ ಎಂದು ನಂಬುವ ಹಾಗಿಲ್ಲ, ಅವರು ತಮ್ಮ ಅನುಭವದಿಂದ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಅವರು 1973ರಲ್ಲೇ ವಿವರಿಸಿದ್ದರು. ಜಾಹೀರಾತು ಮಾಡಿದವರು ತಮ್ಮ ಕಾರ್ಟೂನಿನ ಅಭಿಮಾನಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಆದರೆ ರಸ್ತೆಯಲ್ಲಿ ಅಭಿಮಾನಿಗಳು ಮಾತ್ರ ಓಡಾಡುವುದಿಲ್ಲವಲ್ಲ.

"ಪೊಲೀಸರು ಉಡಾಯಿಸಿದರು" ಅಂದರೆ ಬಾಂಬ್ ಸಿಕ್ಕಿತು ಅಂತಲ್ಲ

ಇಂಥ ಸುದ್ದಿಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿಯುವ ವಿಷಯ ಇದು. "ಬಾಂಬ್ ಸ್ಕ್ವಾಡ್ ಸ್ಫೋಟಿಸಿತು" ಎಂಬ ಸಾಲು ಓದಿದ ಕೂಡಲೇ "ಹಾಗಾದರೆ ಅದು ಬಾಂಬೇ ಇರಬೇಕು" ಅನ್ನಿಸುವುದು ಸಹಜ. ಹಾಗೇನಿಲ್ಲ.

ಅನುಮಾನಾಸ್ಪದ ವಸ್ತುವನ್ನು ಕೈಯಿಂದ ಬಿಚ್ಚಿ ನೋಡುವುದು ಅತಿ ಅಪಾಯದ ಕೆಲಸ. ಅದಕ್ಕೆ ಬದಲು, ದೂರದಲ್ಲಿ ನಿಂತು ನಿಯಂತ್ರಿಸಬಹುದಾದ ಉಪಕರಣದಿಂದ ನೀರನ್ನು ಅತಿ ವೇಗವಾಗಿ ಅದರ ಮೇಲೆ ಹಾರಿಸುತ್ತಾರೆ. ಬಾಸ್ಟನ್‌ನಲ್ಲಿ ಬಳಸಿದ್ದೂ ಇಂಥ ಜಲಫಿರಂಗಿಯನ್ನೇ. ನೀರಿನ ಹೊಡೆತಕ್ಕೆ ಬ್ಯಾಟರಿ ಒಂದು ಕಡೆ, ವೈರ್ ಒಂದು ಕಡೆ ಚೆಲ್ಲಾಪಿಲ್ಲಿಯಾಗುತ್ತದೆ. ಒಳಗೆ ನಿಜವಾಗಿಯೂ ಸ್ಫೋಟಕ ಇದ್ದರೆ ಅದಕ್ಕೆ ಕಿಡಿ ತಲುಪುವ ಮೊದಲೇ ದಾರಿ ಕಡಿದುಹೋಗುತ್ತದೆ. ಈ ಹೊಡೆತದಿಂದಲೇ ದೊಡ್ಡ ಶಬ್ದ ಬರುತ್ತದೆ. ದೂರದಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿದವರಿಗೆ ಅದು ಬಾಂಬ್ ಸಿಡಿದಂತೆಯೇ ಕೇಳಿಸುತ್ತದೆ.

ಮರೆತು ಬಿಟ್ಟುಹೋದ ಊಟದ ಡಬ್ಬಿಯನ್ನೂ ಹೀಗೆ ಉಡಾಯಿಸಬಹುದು. ಏನಿತ್ತು ಎಂದು ಗೊತ್ತಾಗುವುದು ಆಮೇಲೆ, ಚೂರುಗಳನ್ನು ಪರೀಕ್ಷಿಸಿದ ನಂತರ. ಹಾಗಾಗಿ ಶಬ್ದ ಬಂದ ವಿಡಿಯೋ ಬಾಂಬ್ ಇತ್ತು ಎಂಬುದಕ್ಕೆ ಸಾಕ್ಷಿ ಅಲ್ಲ.

ಬೇರೆ ಒಂಬತ್ತು ನಗರಗಳು ಹೆದರಲಿಲ್ಲವಲ್ಲ? ಬಾಸ್ಟನ್ ಪೊಲೀಸರೇ ಅತಿ ಮಾಡಿದರೆ?

ಘಟನೆಯ ಮರುದಿನದಿಂದಲೇ ಈ ವಾದ ಜೋರಾಗಿತ್ತು. ಬೋರ್ಡುಗಳು ಅಂಟಿ ಎರಡು ವಾರ ಆಗಿತ್ತು, ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲೀಸ್ ಎಲ್ಲೂ ಗಲಾಟೆ ಆಗಿರಲಿಲ್ಲ ಎಂಬುದು ನಿಜ. ಆದರೆ ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅದೇ ದಿನ ಬಾಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಪೈಪ್ ಬಾಂಬ್‌ನಂತೆ ಕಾಣುವ ನಕಲಿ ವಸ್ತುವೊಂದು ಸಿಕ್ಕಿತ್ತು. ಅದಕ್ಕೂ ಕಾರ್ಟೂನಿಗೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಆದರೆ ಆ ಕ್ಷಣದಲ್ಲಿ ಪೊಲೀಸರ ಮುಂದಿದ್ದ ಚಿತ್ರ ಯೋಚಿಸಿ: ಹೆದ್ದಾರಿಯಲ್ಲೊಂದು, ಸೇತುವೆಯಲ್ಲೊಂದು, ಆಸ್ಪತ್ರೆಯಲ್ಲೊಂದು. ಯಾರಿಗಾದರೂ ಇದು ಯೋಜನೆ ಹಾಕಿ ಮಾಡಿದ ದಾಳಿ ಅನ್ನಿಸುವುದಿಲ್ಲವೇ?

ಇದರ ಹಿಂದಿನ ಲೆಕ್ಕಾಚಾರ ಸರಳ. ಮನೆಯಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಇದ್ದರೆ ಅದು ಒಗ್ಗರಣೆ ಹೊಗೆಗೂ ಕೂಗಿಕೊಳ್ಳುತ್ತದೆ. ಕಿರಿಕಿರಿ ನಿಜ. ಆದರೆ ನೂರು ಸಲ ಸುಮ್ಮನೆ ಕೂಗಿದರೂ ಪರವಾಗಿಲ್ಲ, ಒಮ್ಮೆ ನಿಜವಾದ ಬೆಂಕಿಗೆ ಕೂಗದಿದ್ದರೆ ಜೀವವೇ ಹೋಗುತ್ತದೆ. ಬಾಂಬ್ ಸ್ಕ್ವಾಡ್ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟಗೊಂಡಿದ್ದು ಕೂಡ ಯಾರೋ ಬಿಟ್ಟುಹೋದ ಒಂದು ಬ್ಯಾಗ್. ಹಲವರು ಗಾಯಗೊಂಡರು. ಅನಾಥ ಬ್ಯಾಗ್ ನೋಡಿ ಪೊಲೀಸರಿಗೆ ಹೇಳಿದವರನ್ನು ಪುಕ್ಕಲು ಅನ್ನುವುದು ತಪ್ಪು.

ಬಾಸ್ಟನ್ ಪೊಲೀಸರು ಇನ್ನೂ ಬೇಗ ಗುರುತು ಹಿಡಿಯಬಹುದಿತ್ತೇ ಎಂದು ಕೇಳುವುದು ನ್ಯಾಯವೇ. ಆದರೆ ಒಂದು ಫೋನ್ ಕರೆಯಲ್ಲಿ ಮುಗಿಯಬಹುದಾಗಿದ್ದ ವಿಷಯ ಅದು. ಆ ಕರೆ ಮಾಡಬೇಕಿದ್ದವರು ಬೋರ್ಡ್ ಇಡಿಸಿದವರು.

ಅವರಿಗೆ ಮುನ್ನೆಚ್ಚರಿಕೆಯೂ ಸಿಕ್ಕಿತ್ತು. ಒಂಬತ್ತು ತಿಂಗಳ ಹಿಂದೆ, 2006ರ ಏಪ್ರಿಲ್‌ನಲ್ಲಿ, 'ಮಿಷನ್ ಇಂಪಾಸಿಬಲ್ 3' ಸಿನಿಮಾ ಪ್ರಚಾರಕ್ಕಾಗಿ ಲಾಸ್ ಏಂಜಲೀಸ್ ಸುತ್ತಮುತ್ತ ಪತ್ರಿಕೆ ಮಾರುವ ಪೆಟ್ಟಿಗೆಗಳ ಒಳಗೆ ಸಣ್ಣ ಸಂಗೀತದ ಯಂತ್ರ ಇಟ್ಟಿದ್ದರು. ಬಾಗಿಲು ತೆಗೆದರೆ ಸಿನಿಮಾದ ಟ್ಯೂನ್ ಕೇಳಬೇಕಿತ್ತು. ವೈರ್ ಇರುವ ಡಬ್ಬಿ ಕಂಡು ಜನ ದೂರು ಕೊಟ್ಟರು. ಸಾಂಟಾ ಕ್ಲಾರಿಟಾ ಎಂಬಲ್ಲಿ ಅಧಿಕಾರಿಗಳು ಒಂದು ಪೆಟ್ಟಿಗೆಯನ್ನೇ ಉಡಾಯಿಸಿದರು.

ಬೆಲೆ ತೆತ್ತವರು ಯಾರು?

ಟರ್ನರ್ ಮತ್ತು ಇಂಟರ್‌ಫೆರೆನ್ಸ್ ಸೇರಿ 20 ಲಕ್ಷ ಡಾಲರ್ ಕೊಟ್ಟವು. ಆಗಿನ ಲೆಕ್ಕದಲ್ಲಿ ಸುಮಾರು 9 ಕೋಟಿ ರೂಪಾಯಿ. ಅರ್ಧ ಹಣ ಪೊಲೀಸ್ ಮತ್ತಿತರ ಇಲಾಖೆಗಳ ಖರ್ಚಿಗೆ, ಇನ್ನರ್ಧ ಭದ್ರತಾ ಕೆಲಸಗಳಿಗೆ. ಕಾರ್ಟೂನ್ ನೆಟ್‌ವರ್ಕ್ ಮುಖ್ಯಸ್ಥ ಜಿಮ್ ಸ್ಯಾಂಪಲ್ಸ್ ಫೆಬ್ರವರಿ 9ರಂದು ರಾಜೀನಾಮೆ ಕೊಟ್ಟರು.

ಆದರೆ ಅಂದು ಬಂಧನಕ್ಕೆ ಒಳಗಾದವರು ಬೋರ್ಡ್ ಅಂಟಿಸಿದ ಇಬ್ಬರು ಯುವಕರು. ಆ ಕೆಲಸಕ್ಕೆ ಅವರಿಗೆ ಸಿಕ್ಕಿದ್ದು ತಲಾ 300 ಡಾಲರ್. ಜನರನ್ನು ಹೆದರಿಸುವ ನಕಲಿ ಸಾಧನ ಇಟ್ಟ ಆರೋಪ ಅವರ ಮೇಲೆ ಬಿತ್ತು. ಕೊನೆಗೆ ಸಮುದಾಯ ಸೇವೆ ಮಾಡಿ, ಕೋರ್ಟಿನಲ್ಲಿ ಕ್ಷಮೆ ಕೇಳಿದ ಮೇಲೆ 2007ರ ಮೇ ತಿಂಗಳಲ್ಲಿ ಆರೋಪ ಕೈಬಿಟ್ಟರು. ಐಡಿಯಾ ಕೊಟ್ಟವರು ಆಫೀಸಿನಲ್ಲಿ, ಕೈಗೆ ಕೋಳ ಬಿದ್ದದ್ದು ಕೂಲಿಗೆ ಹೋದವರಿಗೆ. ಕಾಲೇಜು ಓದುತ್ತಾ "ಪ್ರಮೋಷನ್ ಕೆಲಸ"ಕ್ಕೆ ಹೋಗುವ ಹುಡುಗ-ಹುಡುಗಿಯರು ಇದನ್ನು ನೆನಪಿಟ್ಟುಕೊಳ್ಳಿ. "ಪರ್ಮಿಷನ್ ಇದೆಯಾ? ಪತ್ರ ತೋರಿಸಿ" ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟ ಇದೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಗೊತ್ತಲ್ಲ. ಪ್ರತಿ ಸುಳ್ಳು ಭಯದ ನಂತರ ಮುಂದಿನ ನಿಜವಾದ ಎಚ್ಚರಿಕೆಗೆ ಜನ ಕೊಡುವ ಬೆಲೆ ಒಂದಿಷ್ಟು ಕಡಿಮೆಯಾಗುತ್ತದೆ.

ನಮ್ಮಲ್ಲಿ ಹೀಗೆಲ್ಲ ಆಗುತ್ತದೆಯೇ?

ರೂಪ ಬೇರೆ, ರೀತಿ ಅದೇ. 2024ರ ಫೆಬ್ರವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂದು ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಪೋಸ್ಟ್ ಬಂತು. ಮಾಧ್ಯಮಗಳು ಹಾಗೇ ಪ್ರಕಟಿಸಿದವು. ಮರುದಿನ ಅವರೇ ವಿಡಿಯೋದಲ್ಲಿ ಬಂದು "ಬದುಕಿದ್ದೇನೆ, ಜಾಗೃತಿಗಾಗಿ ಹೀಗೆ ಮಾಡಿದೆ" ಎಂದರು. ಹಿಂದಿದ್ದ ಜಾಹೀರಾತು ಸಂಸ್ಥೆ ಕ್ಷಮೆ ಕೇಳಿತು.

ಗರ್ಭಕಂಠದ ಕ್ಯಾನ್ಸರ್ ಬಗ್ಗೆ ನಿಜಕ್ಕೂ ತಿಳಿಯಬೇಕಾದ ವಿಷಯ ಬಹಳ ಇದೆ. ಬಹುಪಾಲು ಪ್ರಕರಣಗಳಿಗೆ ಎಚ್‌ಪಿವಿ ವೈರಸ್ ಕಾರಣ, ಅದಕ್ಕೆ ಲಸಿಕೆ ಇದೆ, ಕಾಯಿಲೆ ಸಾಮಾನ್ಯವಾಗಿ ಹಲವು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವುದರಿಂದ ತಪಾಸಣೆಯಲ್ಲಿ ಮೊದಲೇ ಪತ್ತೆ ಹಚ್ಚಬಹುದು. ಆದರೆ ಆ ಎರಡು ದಿನ ಜನ ಚರ್ಚಿಸಿದ್ದು ಲಸಿಕೆಯನ್ನಲ್ಲ, ಸತ್ತ ನಾಟಕವನ್ನು. ಮನೆಯಲ್ಲಿ ಇದೇ ಕಾಯಿಲೆಗೆ ಯಾರನ್ನೋ ಕಳೆದುಕೊಂಡವರಿಗೆ ಅದು ಹೇಗೆ ಅನ್ನಿಸಿರಬೇಡ?

ಇನ್ನೊಂದು ಘಟನೆ ಜಾಹೀರಾತಿನದಲ್ಲ, ಬೆದರಿಕೆಯದು. ಆದರೆ ಭಯ ಹರಡುವ ದಾರಿ ಮಾತ್ರ ಒಂದೇ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆ ಇಮೇಲ್ ಬಂತು. ಹುಡುಕಿದಾಗ ಎಲ್ಲೂ ಏನೂ ಸಿಗಲಿಲ್ಲ. ಅಂದು ಬೆಳಗ್ಗೆ ಶಾಲೆಗಳ ಹೆಸರಿದ್ದ ಪಟ್ಟಿಯೊಂದು ನನ್ನ ಫೋನಿಗೆ ಬಂತು. ಅದರಲ್ಲಿ ಅಕ್ಕನ ಮಗನ ಶಾಲೆಯ ಹೆಸರೂ ಇತ್ತು. ಹಿಂದೆ ಮುಂದೆ ನೋಡದೆ ಮನೆಯವರ ಗ್ರೂಪಿಗೆ ಹಾಕಿದೆ. ಅಕ್ಕ ಆಫೀಸಿನಿಂದ ಓಡಿದಳು. ಎಲ್ಲರೂ ಒಟ್ಟಿಗೇ ಕರೆ ಮಾಡುತ್ತಿದ್ದರಿಂದ ಶಾಲೆಯ ಫೋನ್ ಎಂಗೇಜ್. ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಅಳುತ್ತಾ ಹೋಗಿ ನೋಡಿದರೆ ಮಕ್ಕಳು ಆರಾಮಾಗಿ ಪಾಠ ಕೇಳುತ್ತಿದ್ದರು. ಆ ಶಾಲೆಗೆ ಇಮೇಲ್ ಬಂದೇ ಇರಲಿಲ್ಲ. "ಇದನ್ನೇ ಓದಿದವಳು ನೀನು, ನೀನೇ ಹೀಗೆ ಮಾಡಿದರೆ ಹೇಗೆ ಕಣೇ?" ಎಂದು ಅಕ್ಕ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಇಮೇಲ್ ಕಳಿಸಿದವನು ಶಾಲೆಗಳನ್ನು ಹೆದರಿಸಿದ. ಅಕ್ಕನನ್ನು ಹೆದರಿಸಿದ್ದು ನಾನು.

ಹಾಗಾದರೆ ನಾವೇನು ಮಾಡಬೇಕು?

ಅನುಮಾನದ ವಸ್ತು ಕಣ್ಣಿಗೆ ಬಿದ್ದರೆ:

- ಮುಟ್ಟಬೇಡಿ, ಅಲುಗಾಡಿಸಬೇಡಿ, ಹತ್ತಿರ ಹೋಗಿ ಫೋಟೋ ತೆಗೆಯಬೇಡಿ.
- ದೂರ ಸರಿಯಿರಿ, ಬೇರೆಯವರನ್ನೂ ಸರಿಸಿ. ನಂತರ 112ಕ್ಕೆ ಕರೆ ಮಾಡಿ ಅಥವಾ ಅಲ್ಲಿರುವ ಪೊಲೀಸ್, ಸೆಕ್ಯುರಿಟಿಯವರಿಗೆ ಹೇಳಿ.
- "ಏನೂ ಇಲ್ಲದಿದ್ದರೆ ನಗುತ್ತಾರೇನೋ" ಎಂದು ಹಿಂಜರಿಯಬೇಡಿ. ಬಾಸ್ಟನ್‌ನಲ್ಲಿ ಮೊದಲು ಹೇಳಿದ ಪ್ರಯಾಣಿಕರು ಮಾಡಿದ್ದು ಸರಿಯಾದ ಕೆಲಸವೇ.

ಅಂಥ ಮೆಸೇಜ್ ಫೋನಿಗೆ ಬಂದರೆ:

- ಜಾಗ, ದಿನಾಂಕ, ಸಮಯ ಇದೆಯೇ ನೋಡಿ. "ಈಗಷ್ಟೇ" ಎಂಬ ಮೆಸೇಜ್ ವರ್ಷದ ಹಿಂದಿನದೂ ಆಗಿರಬಹುದು.
- "ಸ್ಫೋಟಿಸಿದರು", "ಸ್ಥಳ ಖಾಲಿ ಮಾಡಿಸಿದರು" ಎಂಬುದು ಮುನ್ನೆಚ್ಚರಿಕೆ. ಬಾಂಬ್ ಖಚಿತವಾಯಿತು ಎಂದರ್ಥವಲ್ಲ.
- ನಿಮ್ಮ ಊರಿನ ಪೊಲೀಸರ ಅಧಿಕೃತ ಖಾತೆ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಕಾಯಿರಿ.
- ಮನೆಯವರು ಆ ಜಾಗದಲ್ಲಿದ್ದರೆ ಗ್ರೂಪಿಗೆ ಹಾಕುವ ಬದಲು ಅವರೊಬ್ಬರಿಗೇ ಫೋನ್ ಮಾಡಿ.
- ಈಗಾಗಲೇ ಕಳಿಸಿದ್ದು ಸುಳ್ಳೆಂದು ಗೊತ್ತಾದರೆ ಸುಮ್ಮನೆ ಡಿಲೀಟ್ ಮಾಡಬೇಡಿ. "ನಾನು ಕಳಿಸಿದ್ದು ತಪ್ಪು" ಎಂದು ಅದೇ ಗ್ರೂಪಿನಲ್ಲಿ ಹೇಳಿ.

ಕಾನೂನೂ ಇದೆ. ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಅನ್ವಯವಾಗಬಹುದು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ.

ಕೊನೆಯದಾಗಿ

ಬಾಸ್ಟನ್‌ನ ಆ ಬೋರ್ಡುಗಳು ಯಾರಿಗೂ ಗಾಯ ಮಾಡುವಂಥವಲ್ಲ. ಹೆದ್ದಾರಿ, ರೈಲು, ನದಿ ಎಲ್ಲವನ್ನೂ ನಿಲ್ಲಿಸಿದ್ದು ಸಕಾಲಕ್ಕೆ ಸಿಗದ ಒಂದು ಮಾಹಿತಿ: "ಇದು ನಮ್ಮದು, ಅಪಾಯ ಇಲ್ಲ." ಆ ದಿನ ಆ ಮಾತು ಹೇಳಬೇಕಿದ್ದ ಕಂಪನಿ ತಡ ಮಾಡಿತು. ನಮ್ಮ ಗ್ರೂಪುಗಳಲ್ಲಿ ಆ ಮಾತು ಹೇಳುವವರು ನಾವೇ ಆಗಬಹುದು. ಮುಂದಿನ ಸಲ ಎದೆ ಝಲ್ಲೆನ್ನಿಸುವ ಮೆಸೇಜ್ ಬಂದಾಗ ಎರಡು ನಿಮಿಷ ತಡೆಯಿರಿ. ಅಷ್ಟರಲ್ಲಿ ಯಾರದೋ ಅಕ್ಕ ಆಫೀಸಿನಿಂದ ಓಡುವುದು ತಪ್ಪಬಹುದು.